ಯಾವ ಗಿಡ ಕಡಿಯಬೇಕು, ಯಾವುದನ್ನು ಉಳಿಸಬೇಕು?

ರೋಹಿಣಿ ಮಳೆಗೆ ಮುಂಚಿನ ಬಿರುಗಾಳಿಗೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಉರುಳುವುದು ಇದ್ದದ್ದೇ. ಹೊಲದ ನಡುವೆ ಬಿದ್ದರೆ ಕಟ್ಟಿಗೆಯಾದೀತು. ದನದ ಕೊಟ್ಟಿಗೆಯ ಮೇಲೋ ಶಾಲೆಯ ಮೇಲೋ ಬಿದ್ದರೆ ಜೀವಕ್ಕೇ ಎರವು. ಇಂಥ ಗಿಡಗಳಲ್ಲಿ ಹೆಚ್ಚಿನವು ಒಂದೇ ದಿನದಲ್ಲಿ ಕೆಟ್ಟವಲ್ಲ. ಬೀಳುವ ಮುನ್ನ ಸೂಚನೆ ಕೊಟ್ಟಿರುತ್ತವೆ. ನೋಡುವ ಕಣ್ಣು ನಮಗಿರಬೇಕು.

ಮೊದಲು ಬುಡ ನೋಡಬೇಕು. ಅಲ್ಲಿ ತಟ್ಟೆಯಂಥ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಬೇರು, ಬೊಡ್ಡೆ ಕೊಳೆಯುತ್ತಿವೆ ಎಂದು ತಿಳಿಯಬೇಕು. ಗಿಡ ಹೊಸದಾಗಿ ವಾಲಿ, ಅದರ ಎದುರು ಬದಿಯ ಮಣ್ಣು ಉಬ್ಬಿ ಬಿರಿದಿದ್ದರೆ ಬೇರು ಹಿಡಿತ ಬಿಟ್ಟಿದೆ. ಇಂಥಲ್ಲಿ ತಡ ಸಲ್ಲದು. ಎರೆಭೂಮಿಯಲ್ಲಿ ಬೇಸಿಗೆಯ ಬಿರುಕು ಎಲ್ಲೆಡೆ ಇರುತ್ತದೆ. ಬುಡದ ಒಂದೇ ಬದಿಗೆ ಬಿಲ್ಲಿನಂತೆ ಬಾಗಿದ ಬಿರುಕೇ ಅಪಾಯದ್ದು. ಎಳೆಯದರಿಂದಲೇ ಬಾಗಿ ಬೆಳೆದು ತುದಿ ನೆಟ್ಟಗಾದ ಗಿಡಕ್ಕೆ ಭಯ ಕಡಿಮೆ.

ಪೊಟರೆ ಇದ್ದ ಮಾತ್ರಕ್ಕೆ ಕೊಡಲಿ ಎತ್ತಬೇಕಾಗಿಲ್ಲ. ಹಳೆಯ ಹುಣಸೆ ಒಳಗೆ ಟೊಳ್ಳಾಗಿಯೂ ಕೊಳವೆಯಂತೆ ಗಟ್ಟಿಯಾಗಿ ನಿಂತಿರಬಹುದು. ಮರದ ಕೊಡತಿಯಿಂದ ಬೊಡ್ಡೆಯ ಸುತ್ತ ತಟ್ಟಿರಿ. ಟೊಳ್ಳಿದ್ದಲ್ಲಿ ಡೊಳ್ಳಿನ ಸದ್ದು ಬರುತ್ತದೆ. 3 ಅಡಿ ಅಡ್ಡಳತೆಯ ಬೊಡ್ಡೆಗೆ ಸುತ್ತಲೂ ಸುಮಾರು 6 ಅಂಗುಲ ಗಟ್ಟಿ ಕಟ್ಟಿಗೆ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ಪೊಟರೆಯ ಜೊತೆಗೆ ಉದ್ದನೆಯ ಸೀಳು ಇದ್ದರೆ ನಂಬುವಂತಿಲ್ಲ.

ಗಿಡ ಕೆಡುವುದರಲ್ಲಿ ನಮ್ಮ ಕೈವಾಡವೂ ಇದೆ. ಕಬ್ಬು ಕಟಾವಾದ ಮೇಲೆ ರವದಿಗೆ ಬೆಂಕಿ ಹಚ್ಚುತ್ತೇವೆ. ಬದುವಿನ ಬೇವಿನ ಬುಡ ಸುಟ್ಟು, ತೊಗಟೆ ಸತ್ತು, ಅಲ್ಲಿಂದಲೇ ಕೊಳೆ ಒಳಹೊಗುತ್ತದೆ. ಕಾಲುವೆ, ಪೈಪು, ರಸ್ತೆಗೆಂದು ಒಂದು ಬದಿಯ ಬೇರನ್ನೆಲ್ಲ ಕತ್ತರಿಸುತ್ತೇವೆ. ಟೊಂಗೆ ಮಾತ್ರ ಹಸಿರಾಗಿರುತ್ತದೆ, ಗಾಳಿ ಬಂದಾಗ ಗುಟ್ಟು ಬಯಲಾಗುತ್ತದೆ. 2019ರ ಆಗಸ್ಟ್‌ನಂತೆ ಘಟಪ್ರಭೆ ಉಕ್ಕಿದಾಗ ದಂಡೆಯ ಮಣ್ಣು ಕೊಚ್ಚಿ ಬೇರು ಬಯಲಾಗುತ್ತವೆ. ನೆರೆ ಇಳಿದ ಮೇಲೆ ದಂಡೆಯ ಗಿಡಗಳನ್ನು ಮತ್ತೊಮ್ಮೆ ನೋಡಲೇಬೇಕು.

ಇನ್ನೊಂದು ಪ್ರಶ್ನೆ: ಬಿದ್ದರೆ ಯಾರ ಮೇಲೆ? 40 ಅಡಿ ಎತ್ತರದ ಗಿಡಕ್ಕೆ ಸುತ್ತಲಿನ 40 ಅಡಿಯೂ ಅಪಾಯದ ಜಾಗ. ಅಲ್ಲಿ ಮನೆ, ಶಾಲೆ, ಜನ ಕೂಡುವ ಕಟ್ಟೆ ಇಲ್ಲದಿದ್ದರೆ ಕುಂಟು ಗಿಡವೂ ಹಕ್ಕಿಗಳಿಗೆ ಆಸರೆಯಾಗಿ ಇರಲಿ. ಒಣಗಿದ ಟೊಂಗೆ ಇಳಿಸಿದರೆ, ದನ ಕಟ್ಟುವ ಜಾಗ ಬದಲಿಸಿದರೆ ಸಾಕೆನಿಸಿದಲ್ಲಿ ಅಷ್ಟನ್ನೇ ಮಾಡಬೇಕು. ಕೆಟ್ಟ ಬುಡ, ಕೆಳಗೆ ಜನ, ಟೊಂಗೆ ಕಡಿದರೂ ನೀಗದ ಭಾರ ಈ ಮೂರೂ ಕೂಡಿದಲ್ಲಿ ಮಾತ್ರ ಗಿಡ ತೆಗೆಯುವುದೇ ಸರಿ.

ಪರವಾನಗಿಯ ತೊಂದರೆ ಏಕೆಂದು ಹಲವರು ಸುಮ್ಮನಿರುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಗಿಡ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು, ನಿಜ. ತೆಂಗು, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿಯಿದೆ. ಆದರೆ ಸತ್ತ, ರೋಗ ಹಿಡಿದ, ಜೀವಕ್ಕೂ ಆಸ್ತಿಗೂ ಅಪಾಯ ತರುವ ಗಿಡಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಅರ್ಜಿ ಕೊಡಲು ಅಂಜಬೇಕಿಲ್ಲ. ತಂತಿಗೆ ತಾಗಿದ ಗಿಡಕ್ಕೆ ಮಾತ್ರ ನೀವೇ ಕೊಡಲಿ ಹಾಕಬೇಡಿರಿ. ಹುಕ್ಕೇರಿಯವರು ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೆ, ಗೋಕಾಕ-ಮೂಡಲಗಿಯವರು ಹೆಸ್ಕಾಂಗೆ ತಿಳಿಸಿ, ವಿದ್ಯುತ್ ನಿಲ್ಲಿಸಿದ ಮೇಲೆಯೇ ಕೆಲಸವಾಗಲಿ.

ಅಪಾಯದ ನೆವ ಹೇಳಿ, ಕಬ್ಬಿಗೆ ನೆರಳಾಗುತ್ತದೆಂದು ಗಟ್ಟಿ ಬೇವನ್ನು ಕಡಿಯುವವರೂ ಇದ್ದಾರೆ. ಅದು ಕಾಯ್ದೆಗೂ ಭೂಮಿಗೂ ಬಗೆದ ದ್ರೋಹ. ಕೆಟ್ಟದ್ದನ್ನು ಉಳಿಸುವುದು ಎಷ್ಟು ತಪ್ಪೋ ಒಳ್ಳೆಯದನ್ನು ಉರುಳಿಸುವುದೂ ಅಷ್ಟೇ ತಪ್ಪು. ಮಿರಗ ಕೂಡುವ ಮೊದಲು ಊರಿನ ನಾಲ್ಕು ಜನ ಕೂಡಿ ಶಾಲೆ, ಗುಡಿ, ದಾರಿಯ ಗಿಡಗಳನ್ನು ಒಮ್ಮೆ ಸುತ್ತಿ ನೋಡಿರಿ. ಒಂದು ತೆಗೆದಲ್ಲಿ ಎರಡು ನೆಡಿರಿ. ಈ ಸಲ ಗೋಡೆಯಿಂದ, ತಂತಿಯಿಂದ ದೂರ ನೆಡಿರಿ.