ಅರ್ಧ ಬ್ಯಾಂಡಿನ ದರ್ಬಾರು

2018ರ ಡಿಸೆಂಬರ್ 4ರಂದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ 6.5 ತೆಗೆದಿದ್ದ ನರ್ಸಿಗೆ ಬ್ರಿಟನ್ನಿನ ರೋಗಿಯ ಪಕ್ಕ ನಿಲ್ಲುವಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಮಾರನೆಯ ದಿನ ಬರತೊಡಗಿತು. ಆ ಒಂದು ರಾತ್ರಿಯಲ್ಲಿ ಯಾರ ವ್ಯಾಕರಣವೂ ಸುಧಾರಿಸಿರಲಿಲ್ಲ. ಅಲ್ಲಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಬರವಣಿಗೆಯ ಕನಿಷ್ಠ ಅಂಕವನ್ನು, ಅಂದರೆ ಬ್ಯಾಂಡನ್ನು, 7ರಿಂದ 6.5ಕ್ಕೆ ಇಳಿಸಿತ್ತು, ಅಷ್ಟೆ. ಆಗ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 40 ಸಾವಿರ ನರ್ಸ್ ಹುದ್ದೆಗಳು ಖಾಲಿ ಬಿದ್ದಿದ್ದವು.

ಇಳಿಸಿದ್ದಕ್ಕೆ ಯಾರ ತಕರಾರೂ ಇಲ್ಲ. ತಕರಾರಿರುವುದು ಅದಕ್ಕೂ ಹಿಂದಿನ ವರ್ಷಗಳ ಬಗ್ಗೆ. ಅದೇ 6.5ರ ಅಂಕಪಟ್ಟಿ ಹಿಡಿದುಕೊಂಡು ಕೊಟ್ಟಾಯಂ, ಮಂಗಳೂರು, ಮನಿಲಾಗಳಲ್ಲಿ ಎರಡನೇ ಸಲ, ಮೂರನೇ ಸಲ ಶುಲ್ಕ ಕಟ್ಟಿ ಕೂತವರ ದುಡ್ಡಿಗೆ, ವಯಸ್ಸಿಗೆ ಯಾರೂ ಜವಾಬು ಹೇಳಲಿಲ್ಲ. ಆ ಅರ್ಧ ಬ್ಯಾಂಡಿನಿಂದ ರೋಗಿಯ ಜೀವಕ್ಕೆ ಅಪಾಯವಿದ್ದಿದ್ದರೆ ಇಳಿಸಬಾರದಿತ್ತು. ಅಪಾಯವೇ ಇರಲಿಲ್ಲವೆಂದಾದರೆ ಅಷ್ಟು ವರ್ಷ ಅದನ್ನು ಬಾಗಿಲಿಗೆ ಅಡ್ಡ ಹಾಕಿದ್ದೇಕೆ?

ಈ ಜಗಳ ಈಗ ಮತ್ತೆ ಬಿಸಿಯೇರಿದೆ. 2026ರ ಜನವರಿ 8ರಿಂದ ಬ್ರಿಟನ್ ತನ್ನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವವರ ಇಂಗ್ಲಿಷ್ ಮಟ್ಟವನ್ನು ಬಿ1ರಿಂದ ಬಿ2ಕ್ಕೆ ಏರಿಸಿದೆ. ಐಇಎಲ್‌ಟಿಎಸ್ ಲೆಕ್ಕದಲ್ಲಿ ಹೇಳುವುದಾದರೆ 4ರಿಂದ 5.5ಕ್ಕೆ. ಬರವಣಿಗೆ ಬಿಟ್ಟು ಉಳಿದ ಭಾಗಗಳಲ್ಲಿ ನರ್ಸುಗಳಿಂದ ಕೇಳುವ 7 ಇದಕ್ಕೂ ಮೇಲಿನ ಸಿ1 ಮಟ್ಟದ್ದು. ‘ಇಲ್ಲಿಗೆ ಬರುವವರು ಇಲ್ಲಿನ ಭಾಷೆ ಕಲಿತು ಬರಲಿ’ ಎಂದರೆ ಅಲ್ಲಿ ಯಾವ ಪಕ್ಷದ ವೇದಿಕೆಯಲ್ಲೂ ಚಪ್ಪಾಳೆ ಗ್ಯಾರಂಟಿ. ಬೆಂಗಳೂರಿನಲ್ಲಿ ಬಾಳುವವರಿಗೆ ಈ ಮಾತು ಹೊಸದೇನಲ್ಲ. ಮಾತಿನಲ್ಲಿ ನ್ಯಾಯವೂ ಇದೆ. ಪ್ರಶ್ನೆ ಇರುವುದು ಭಾಷೆ ಬರುತ್ತದೆಯೇ ಎಂದು ತಿಳಿಯುವ ಬಗೆಯಲ್ಲಿ, ಆ ತಿಳಿಯುವ ಖರ್ಚನ್ನು ಹೊರುವ ಹೆಗಲಿನಲ್ಲಿ.

ಪರೀಕ್ಷೆಯೇ ಬೇಡ ಎನ್ನುವವರು 2008ರ ಒಂದು ಸಾವನ್ನು ನೆನೆಯಬೇಕು. ಜರ್ಮನಿಯಿಂದ ವಾರಾಂತ್ಯದ ಪಾಳಿಗೆಂದು ಕೇಂಬ್ರಿಡ್ಜ್‌ಶೈರ್‌ಗೆ ಬಂದಿದ್ದ ವೈದ್ಯರೊಬ್ಬರು ಮೂತ್ರಪಿಂಡದ ಕಲ್ಲಿನ ನೋವಿನಿಂದ ಬಳಲುತ್ತಿದ್ದ ವೃದ್ಧರೊಬ್ಬರಿಗೆ ಡೈಯಾಮಾರ್ಫಿನ್ ಅನ್ನು ಕೊಡಬೇಕಾದ್ದಕ್ಕಿಂತ ಹತ್ತು ಪಟ್ಟು ಕೊಟ್ಟರು. ರೋಗಿ ಸತ್ತರು. ಇಂಗ್ಲಿಷ್ ಸಾಲದೆಂದು ಅದೇ ವೈದ್ಯರನ್ನು ಲೀಡ್ಸ್‌ನಲ್ಲಿ ತಿರಸ್ಕರಿಸಿದ್ದರು, ಕಾರ್ನ್‌ವಾಲ್‌ನಲ್ಲಿ ಸೇರಿಸಿಕೊಂಡಿದ್ದರು. ಯುರೋಪಿನ ಒಕ್ಕೂಟದಿಂದ ಬರುವ ವೈದ್ಯರಿಗೆ ಭಾಷೆಯ ಪರೀಕ್ಷೆ ಒಡ್ಡುವ ಅಧಿಕಾರವೇ ಆಗ ಅಲ್ಲಿನ ವೈದ್ಯಕೀಯ ಮಂಡಳಿಗೆ ಇರಲಿಲ್ಲ. ಅದು ಬಂದದ್ದು 2014ರಲ್ಲಿ. ಭಾರತದ ವೈದ್ಯರನ್ನು ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದಲೂ ಪರೀಕ್ಷಿಸಲಾಗುತ್ತಿತ್ತು. ಪರೀಕ್ಷೆ ಬೇಕು. ಯಾವ ಪರೀಕ್ಷೆ ಎಂಬುದೇ ವಾದ.

ಐಇಎಲ್‌ಟಿಎಸ್ ಒಳಗೆ ಏನಿದೆ ನೋಡಿ. ಕೇಳುವ ಭಾಗದಲ್ಲಿ 40 ಪ್ರಶ್ನೆ, ಸುಮಾರು 30 ನಿಮಿಷ, ಧ್ವನಿಮುದ್ರಿಕೆ ಒಂದೇ ಸಲ. ಮೊದಲ ತುಣುಕಿನಲ್ಲಿ ಸಾಮಾನ್ಯವಾಗಿ ಯಾರೋ ಬಾಡಿಗೆ ಕೋಣೆಗೋ ಪ್ರವಾಸಕ್ಕೋ ಫೋನ್ ಮಾಡಿ ವಿಚಾರಿಸುತ್ತಾರೆ. ಆ ತುದಿಯವರು ಬೀದಿಯ ಹೆಸರನ್ನು ಅಕ್ಷರ ಬಿಡಿಸಿ ಹೇಳುತ್ತಾರೆ, ಫೋನ್ ನಂಬರಿನಲ್ಲಿ ‘ಡಬಲ್ ಫೋರ್’ ಅನ್ನುತ್ತಾರೆ, ಮಂಗಳವಾರವೆಂದು ಹೇಳಿ ತಕ್ಷಣ ‘ಅಲ್ಲಲ್ಲ, ಗುರುವಾರ’ ಎಂದು ತಿದ್ದಿಕೊಳ್ಳುತ್ತಾರೆ. ಮಂಗಳವಾರ ಬರೆದವರಿಗೆ ಅಂಕ ಹೋಯಿತು, ಕಾಗುಣಿತ ತಪ್ಪಿದವರಿಗೂ ಹೋಯಿತು. 7 ಬ್ಯಾಂಡಿಗೆ 40ರಲ್ಲಿ ಸುಮಾರು 30 ಸರಿಯಿರಬೇಕು. ಓದಿಗೂ 40 ಪ್ರಶ್ನೆ, ಒಂದು ಗಂಟೆ. ಪ್ರವಾಳ ದ್ವೀಪದಿಂದ ಹಿಡಿದು ಗಾಜಿನ ಚರಿತ್ರೆಯವರೆಗೆ ಏನಾದರೂ ಬರಬಹುದು. ಬರವಣಿಗೆಯಲ್ಲಿ ಒಂದು ನಕ್ಷೆಯನ್ನೋ ಪಟ್ಟಿಯನ್ನೋ 150 ಪದಗಳಲ್ಲಿ ವಿವರಿಸಬೇಕು, ಆಮೇಲೆ 250 ಪದಗಳ ಪ್ರಬಂಧ. ಮಾತಿಗೆ 11ರಿಂದ 14 ನಿಮಿಷ, ನಡುವೆ ಒಂದು ಚೀಟಿ ಕೊಟ್ಟು ಎರಡು ನಿಮಿಷ ನಿಲ್ಲಿಸದೆ ಮಾತಾಡಿ ಎನ್ನುತ್ತಾರೆ.

ವಿದೇಶಿ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೇಳಿ ಟಿಪ್ಪಣಿ ಬರೆಯಬೇಕಾದವರಿಗೆ ಇದು ಒಳ್ಳೆಯ ಪರೀಕ್ಷೆಯೇ. ಹಾಸಿಗೆಯಲ್ಲಿ ಮಲಗಿದವರಿಗೆ ಇಂಜೆಕ್ಷನ್ ಕೊಡುವವರ ಪ್ರಬಂಧಕ್ಕೆ 6.5 ಬಂತೋ 7 ಬಂತೋ ಎಂದು ನೋಡಿ ಆಗಬೇಕಾದ್ದೇನು?

ಮಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲಿ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ವಾರ್ಡಿನಲ್ಲಿ ನಿಂತರೆ ಬೇರೆಯೇ ಇಂಗ್ಲಿಷ್ ಕಿವಿಗೆ ಬೀಳುತ್ತದೆ. ರಾತ್ರಿ ಪಾಳಿಯ ಸಿಸ್ಟರ್ ಅಜ್ಜಿಯ ಹತ್ತಿರ ತುಳುವಿನಲ್ಲಿ, ಅವರ ಮಗನ ಹತ್ತಿರ ಕನ್ನಡದಲ್ಲಿ, ಪಕ್ಕದ ಸಿಸ್ಟರ್ ಹತ್ತಿರ ಮಲಯಾಳಂನಲ್ಲಿ ಮಾತಾಡಿ, ಫೈಲು ಕೈಗೆ ಬಂದದ್ದೇ ಇಂಗ್ಲಿಷಿಗೆ ಹೊರಳುತ್ತಾರೆ: ಪೋಸ್ಟ್ ಆಪ್ ಡೇ ಟು, ಡ್ರೇನ್ ಫಿಫ್ಟಿ ಎಂಎಲ್, ಫೀವರ್ ಇಲ್ಲ, ರಾತ್ರಿ ಎರಡಕ್ಕೆ ಪೇನ್ ಅಂದಿದ್ದರು, ಡಾಕ್ಟರಿಗೆ ಇನ್‌ಫಾರ್ಮ್ ಮಾಡಿ ಟ್ರಮಡಾಲ್ ಕೊಟ್ಟಿದೆ. ಬರೆದಿಟ್ಟದ್ದೆಲ್ಲ ಶುದ್ಧ ಇಂಗ್ಲಿಷಿನಲ್ಲಿ. ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಪಾಠವೂ ಇಂಗ್ಲಿಷಿನಲ್ಲೇ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲೇ. ಆದರೂ ಬ್ರಿಟನ್ನಿನ ಕೌನ್ಸಿಲ್‌ಗೆ ಆ ಪದವಿಯೊಂದೇ ಸಾಲದು, ಏಕೆಂದರೆ ಬಹುಸಂಖ್ಯಾತರು ಇಂಗ್ಲಿಷ್ ಆಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. 2023ರಲ್ಲಿ ಒಂದು ಕಿಂಡಿ ತೆರೆದರು: ಇಂಗ್ಲಿಷಿನಲ್ಲೇ ನರ್ಸಿಂಗ್ ಓದಿದವರಿಗೋ, ಅರ್ಧ ಬ್ಯಾಂಡಿನಿಂದ ತಪ್ಪಿಸಿಕೊಂಡವರಿಗೋ ಅಲ್ಲಿನ ಆಸ್ಪತ್ರೆಯ ಮೇಲಧಿಕಾರಿ ‘ಇವರ ಇಂಗ್ಲಿಷ್ ಸಾಕು’ ಎಂದು ಬರೆದುಕೊಟ್ಟರೆ ಒಪ್ಪಬಹುದು. ಷರತ್ತು, ಅದಕ್ಕೂ ಮೊದಲು ಒಂದು ವರ್ಷ ಬ್ರಿಟನ್ನಿನ ಆರೋಗ್ಯ ಕ್ಷೇತ್ರದಲ್ಲಿ ದುಡಿದಿರಬೇಕು. ಒಳಗೆ ಹೋದವರಿಗೆ ಮಾತ್ರ ತೆರೆಯುವ ಕಿಂಡಿಯಿಂದ ಮಂಗಳೂರಿನ ಕಂಕನಾಡಿಯಲ್ಲಿ ಕೂತವರಿಗೆ ಏನು ಪ್ರಯೋಜನ?

ಹಾಗಾಗಿ ಅವರು ಹೋಗುವುದು ಕೋಚಿಂಗ್ ಸೆಂಟರಿಗೆ. ಅಲ್ಲಿ ಹೇಳಿಕೊಡುವುದರಲ್ಲಿ ಸ್ವಲ್ಪ ಇಂಗ್ಲಿಷ್ ಇದೆ. ಬಗೆಬಗೆಯ ಉಚ್ಚಾರಣೆಗೆ ಕಿವಿ ಪಳಗುತ್ತದೆ, ಗಡಿಯಾರ ನೋಡಿಕೊಂಡು ಓದುವುದು ರೂಢಿಯಾಗುತ್ತದೆ. ಅದು ಬಿಟ್ಟರೆ ಮಿಕ್ಕದ್ದೆಲ್ಲ ತಂತ್ರ. ಪ್ರಬಂಧಕ್ಕೆ ಟೆಂಪ್ಲೇಟು: ಮೊದಲ ಪ್ಯಾರಾದಲ್ಲಿ ‘ಇದು ಬಹುಚರ್ಚಿತ ವಿಷಯ’, ಎರಡನೆಯದರಲ್ಲಿ ಲಾಭ, ಮೂರನೆಯದರಲ್ಲಿ ನಷ್ಟ, ಕೊನೆಗೆ ‘ಒಟ್ಟಾರೆ ಹೇಳುವುದಾದರೆ’. ವಿಷಯ ಪ್ಲಾಸ್ಟಿಕ್ಕಿರಲಿ, ಪಿಂಚಣಿಯಿರಲಿ ಚೌಕಟ್ಟು ಅದೇ. ಬಾಯಿಪಾಠದ ಉತ್ತರಕ್ಕೆ ಅಂಕ ಕಳೆಯಲಾಗುವುದೆಂದು ಪರೀಕ್ಷಾ ಸಂಸ್ಥೆಯೇ ಎಚ್ಚರಿಸುತ್ತದೆ. ಅಂದರೆ ವಿದ್ಯಾರ್ಥಿ ದುಡ್ಡು ಕೊಟ್ಟು ಕಲಿತದ್ದನ್ನೇ ಪರೀಕ್ಷಕರು ಹಿಡಿಯುತ್ತಾರೆ; ಹಿಡಿದಾಗ ಫೇಲಾಗುವವರು ವಿದ್ಯಾರ್ಥಿ, ಸೆಂಟರಿನವರಲ್ಲ.

ಹಾಗಂತ ದಾರಿಯೇ ಇಲ್ಲವೆಂದಲ್ಲ. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲೇ ರೂಪುಗೊಂಡ ಒಇಟಿ ಎಂಬ ಪರೀಕ್ಷೆ ಆರೋಗ್ಯ ಕ್ಷೇತ್ರದವರಿಗೆಂದೇ ಇದೆ. ಅದರಲ್ಲಿ ನರ್ಸ್ ಬರೆಯಬೇಕಾದದ್ದು ರೋಗಿಯ ಕೇಸ್ ನೋಟ್ಸ್ ನೋಡಿ 180ರಿಂದ 200 ಪದಗಳ ಪತ್ರ: ಡಿಸ್ಚಾರ್ಜ್ ಆಗುವವರನ್ನು ಮನೆಯ ಹತ್ತಿರದ ನರ್ಸಿಗೆ ಒಪ್ಪಿಸುವಂಥದ್ದು. ಯಾವ ವಿವರ ಬೇಕು, ಯಾವುದು ಬೇಡ ಎಂದು ಆರಿಸುವುದರಲ್ಲೇ ಅರ್ಧ ಪರೀಕ್ಷೆ. ಮಾತಿನ ಭಾಗದಲ್ಲಿ ಪರೀಕ್ಷಾ ಕೇಂದ್ರದವರು ಗಾಬರಿಯಾದ ತಾಯಿಯಾಗಿಯೋ ಔಷಧಿ ಬೇಡವೆಂದು ಹಟ ಹಿಡಿದ ಅಜ್ಜನಾಗಿಯೋ ಕೂರುತ್ತಾರೆ. ಅವರನ್ನು ಸಮಾಧಾನ ಮಾಡಿ ತೋರಿಸಬೇಕು. ಬ್ರಿಟನ್ನಿನ ಕೌನ್ಸಿಲ್ 2017ರಲ್ಲಿ ಇದನ್ನು ಒಪ್ಪಿತು. ತೊಡಕು ಎಲ್ಲಿದೆಯೆಂದರೆ ಇದರ ಶುಲ್ಕ ಐಇಎಲ್‌ಟಿಎಸ್‌ನ ಹತ್ತಿರಹತ್ತಿರ ಎರಡರಷ್ಟು. ಕೆಲಸಕ್ಕೆ ಹೊಂದುವ ಪರೀಕ್ಷೆ ದುಬಾರಿ, ಹೊಂದದ್ದು ಸ್ವಲ್ಪ ಅಗ್ಗ.

ಅಗ್ಗವೆಂದರೂ ಐಇಎಲ್‌ಟಿಎಸ್‌ಗೆ ಭಾರತದಲ್ಲಿ ಒಂದು ಸಲಕ್ಕೆ 17 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಸಣ್ಣ ಖಾಸಗಿ ಆಸ್ಪತ್ರೆಯ ಎಷ್ಟೋ ಸ್ಟಾಫ್ ನರ್ಸುಗಳಿಗೆ ಅದು ಒಂದು ತಿಂಗಳ ಸಂಬಳ. ಅಂಕದ ಮೇಲೆ ಅನುಮಾನ ಬಂದರೆ ಮರುಪರಿಶೀಲನೆಗೆ ಮತ್ತೆ ದುಡ್ಡು ಕಟ್ಟಬೇಕು. ಅಂಕ ಬದಲಾದರೆ ಮಾತ್ರ ವಾಪಸ್. ಅನುಮಾನ ಬರಬಾರದೇ? ತಾಂತ್ರಿಕ ದೋಷದಿಂದಾಗಿ 2023ರ ಆಗಸ್ಟ್‌ನಿಂದ 2025ರ ಸೆಪ್ಟೆಂಬರ್‌ವರೆಗಿನ ಪರೀಕ್ಷೆಗಳಲ್ಲಿ ಒಂದು ಸಣ್ಣ ಪಾಲಿಗೆ ತಪ್ಪು ಫಲಿತಾಂಶ ಹೋಗಿತ್ತೆಂದು ಪರೀಕ್ಷಾ ಸಂಸ್ಥೆಯೇ ಒಪ್ಪಿಕೊಂಡಿದೆ. ಶೇಕಡಾ 99ಕ್ಕೂ ಹೆಚ್ಚು ಸರಿಯಿತ್ತು ಎಂಬ ಸಮಜಾಯಿಷಿಯೂ ಜೊತೆಗಿತ್ತು. ಅರ್ಧ ಬ್ಯಾಂಡಿಗೆ ಒಂದು ಜೀವನ ತೂಗುವಲ್ಲಿ ಉಳಿದ ಆ ಪಾಲು ಸಣ್ಣದಲ್ಲ.

ಇನ್ನು ಅಂಕಪಟ್ಟಿಯ ಆಯಸ್ಸು. ಎರಡು ವರ್ಷ ದಾಟಿದರೆ ಐಇಎಲ್‌ಟಿಎಸ್ ಅಂಕ ನಡೆಯುವುದಿಲ್ಲ, ಬಳಸದ ಭಾಷೆ ತುಕ್ಕು ಹಿಡಿಯುತ್ತದೆ ಎಂಬುದು ಕಾರಣ. ಬಳಸದವರ ಮಟ್ಟಿಗೆ ನಿಜ. ದಿನಕ್ಕೆ ಎಂಟು ಗಂಟೆ ಇಂಗ್ಲಿಷಿನಲ್ಲೇ ಫೈಲು ಬರೆಯುವವರಿಗೂ ಅದೇ ನಿಯಮ ಯಾಕೆ? ಐಇಎಲ್‌ಟಿಎಸ್‌ನ ಮೂವರು ಒಡೆಯರಲ್ಲಿ ಕೇಂಬ್ರಿಡ್ಜ್ ಒಂದು. ಇನ್ನಿಬ್ಬರು ಬ್ರಿಟಿಷ್ ಕೌನ್ಸಿಲ್ ಮತ್ತು ಆಸ್ಟ್ರೇಲಿಯಾದ ಐಡಿಪಿ. ಇದೇ ಕೇಂಬ್ರಿಡ್ಜ್ ನಡೆಸುವ ಸಿ1 ಅಡ್ವಾನ್ಸ್ಡ್ ಪ್ರಮಾಣಪತ್ರಕ್ಕೆ ಅವಧಿಯೇ ಇಲ್ಲ, ಒಮ್ಮೆ ಪಾಸಾದರೆ ಆಯಿತು. ಒಂದೇ ಮನೆಯ ಒಂದು ಪರೀಕ್ಷೆಯಲ್ಲಿ ಇಂಗ್ಲಿಷ್ ಹಳಸುತ್ತದೆ, ಇನ್ನೊಂದರಲ್ಲಿ ಹಳಸುವುದಿಲ್ಲ. ನರ್ಸಿಂಗ್ ಕೌನ್ಸಿಲ್ ಒಪ್ಪುವ ಎರಡು ಪರೀಕ್ಷೆಗಳಲ್ಲಿ ಆ ಹಳಸದ್ದು ಸೇರಿಲ್ಲ.

ದುಡ್ಡು ಯಾರಿಗೆ ಹೋಗುತ್ತದೆ ಎಂಬುದಕ್ಕೆ 2021ರ ಒಂದು ವ್ಯವಹಾರ ಸಾಕು. ಅಲ್ಲಿಯವರೆಗೆ ಭಾರತದಲ್ಲಿ ಐಇಎಲ್‌ಟಿಎಸ್ ನಡೆಸುತ್ತಿದ್ದವರು ಇಬ್ಬರು. ಆ ವರ್ಷ ಬ್ರಿಟಿಷ್ ಕೌನ್ಸಿಲ್ ತನ್ನ ಪಾಲಿನ ಭಾರತದ ವ್ಯವಹಾರವನ್ನು 13 ಕೋಟಿ ಪೌಂಡಿಗೆ ಐಡಿಪಿಗೆ ಮಾರಿತು. ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿರುವ ಆ ಕಂಪನಿಯೇ ವಿದ್ಯಾರ್ಥಿಗಳನ್ನು ವಿದೇಶಿ ವಿಶ್ವವಿದ್ಯಾಲಯಗಳಿಗೆ ಕಳಿಸುವ ದಲ್ಲಾಳಿ ಕೆಲಸವನ್ನೂ ಮಾಡುತ್ತದೆ. ಪರೀಕ್ಷೆ ನಡೆಸುವುದೂ ಅವರೇ, ಪರೀಕ್ಷೆ ಪಾಸಾದರೆ ಸೀಟು ಕೊಡಿಸುವುದೂ ಅವರೇ. ಕಾನೂನಿನಲ್ಲಿ ತಪ್ಪಿಲ್ಲದಿರಬಹುದು, ನೋಡಲು ಚೆನ್ನಾಗಿಲ್ಲ.

ಇಷ್ಟಾದರೂ ಅಂಕಕ್ಕೂ ಭಾಷೆಗೂ ನಂಟು ಗಟ್ಟಿಯಾಗಿದೆಯೇ? 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಐರ್ಲೆಂಡಿನ ಪಶುವೈದ್ಯೆಯೊಬ್ಬರು ಕಂಪ್ಯೂಟರೇ ಅಂಕ ಕೊಡುವ ಪಿಯರ್ಸನ್ ಪರೀಕ್ಷೆಗೆ ಕೂತರು. ಹುಟ್ಟಿದಂದಿನಿಂದ ಆಡಿದ್ದು ಇಂಗ್ಲಿಷ್, ಎರಡು ಪದವಿ ಪಡೆದದ್ದೂ ಇಂಗ್ಲಿಷಿನಲ್ಲಿ. ಮಾತಿನ ಸರಾಗಕ್ಕೆ 79 ಬೇಕಿತ್ತು, ಯಂತ್ರ ಕೊಟ್ಟದ್ದು 74. ಇದಕ್ಕೆ ತದ್ವಿರುದ್ಧವಾದದ್ದು ಗುಜರಾತಿನಿಂದ ಬಂತು. 2022ರ ಏಪ್ರಿಲ್‌ನಲ್ಲಿ ಕೆನಡಾದಿಂದ ಅಮೆರಿಕಕ್ಕೆ ಕಳ್ಳದಾರಿಯಲ್ಲಿ ಹೋಗುತ್ತಿದ್ದ ದೋಣಿ ಮುಳುಗಿ ಆರು ಮಂದಿ ಯುವಕರು ಸಿಕ್ಕಿಬಿದ್ದರು. ನ್ಯಾಯಾಲಯದಲ್ಲಿ ಇಂಗ್ಲಿಷ್ ಪ್ರಶ್ನೆಗೆ ಉತ್ತರಿಸಲಾಗದೆ ಹಿಂದಿ ದುಭಾಷಿ ಬರಬೇಕಾಯಿತು. ಮೆಹ್ಸಾಣಾ ಪೊಲೀಸರು ಹಿಂದೆ ಬಿದ್ದಾಗ ಅವರಲ್ಲಿ ಕೆಲವರಿಗೆ ಐಇಎಲ್‌ಟಿಎಸ್‌ನಲ್ಲಿ 6.5ರಿಂದ 7 ಬಂದಿತ್ತೆಂದು ಗೊತ್ತಾಯಿತು. ಪರೀಕ್ಷೆ ನಡೆದ ನವಸಾರಿಯ ಸಭಾಂಗಣದಲ್ಲಿ ಸಿಸಿಟಿವಿ ಆಫ್ ಆಗಿತ್ತು.

ಮೋಸವನ್ನು ಹಿಡಿಯಲು ಹೊರಟ ಸರ್ಕಾರಗಳು ಮಾಡಿದ್ದು ಅದಕ್ಕಿಂತ ಮೇಲೇನಲ್ಲ. 2014ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಟೋಯಿಕ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ಲಂಡನ್ ಕೇಂದ್ರಗಳ ಅಕ್ರಮ ಬಯಲು ಮಾಡಿತು. ಆ ಪರೀಕ್ಷೆಯ ಕಂಪನಿ 58 ಸಾವಿರಕ್ಕೂ ಹೆಚ್ಚು ಧ್ವನಿಮುದ್ರಿಕೆಗಳನ್ನು ತಪಾಸಿಸಿ ಶೇಕಡಾ 97ನ್ನು ಅಸಿಂಧು ಇಲ್ಲವೇ ಸಂಶಯಾಸ್ಪದ ಎಂದಿತು. ಬ್ರಿಟನ್ನಿನ ಗೃಹ ಇಲಾಖೆ ಅದನ್ನೇ ನಂಬಿ ವೀಸಾಗಳನ್ನು ರದ್ದು ಮಾಡುತ್ತ ಹೋಯಿತು. ದಕ್ಷಿಣ ಏಷ್ಯಾದ ಎಷ್ಟೋ ವಿದ್ಯಾರ್ಥಿಗಳು ತಾವು ಮೋಸ ಮಾಡಿಲ್ಲವೆಂದು ಸಾಬೀತು ಮಾಡಲು ವರ್ಷಗಟ್ಟಲೆ ನ್ಯಾಯಾಲಯ ಅಲೆದರು, ಕೆಲವರು ಗೆದ್ದರು.

ಹೊರಗಿನಿಂದ ಬರುವ ನರ್ಸುಗಳಿಗೆ ಭಾಷೆ ಬರಬೇಕೆಂದು ಜರ್ಮನಿಯೂ ಕೇಳುತ್ತದೆ. ಬಿ2 ಮಟ್ಟದ ಜರ್ಮನ್ ಇಲ್ಲದೆ ಅಲ್ಲಿ ಪೂರ್ಣ ಮಾನ್ಯತೆ ಸಿಗದು, ಅದೂ ಇಲ್ಲಿನವರು ಕೇಳಿಯೂ ಇರದ ಭಾಷೆ. ಆದರೆ 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆ ಕೇರಳ ಸರ್ಕಾರದ ಸಂಸ್ಥೆಯಾದ ನೋರ್ಕಾ ಜೊತೆ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದಲ್ಲಿ ಆಯ್ಕೆಯಾದ ನರ್ಸಿಗೆ ಬಿ1ವರೆಗಿನ ಪಾಠ ಉಚಿತ. ಉಳಿದದ್ದನ್ನು ಅಲ್ಲಿಗೆ ಹೋಗಿ ಕೆಲಸ ಮಾಡುತ್ತ ಕಲಿಯಬಹುದು. ಕೇರಳ ತಿರುವನಂತಪುರದಲ್ಲಿ ವಿದೇಶಿ ಭಾಷೆಗಳ ಸಂಸ್ಥೆಯನ್ನೇ ತೆರೆದು ಒಇಟಿ, ಐಇಎಲ್‌ಟಿಎಸ್ ಪಾಠವನ್ನೂ ರಿಯಾಯಿತಿಯಲ್ಲಿ ಕೊಡುತ್ತಿದೆ. ಕರ್ನಾಟಕದ ಕೌಶಲ್ಯಾಭಿವೃದ್ಧಿ ನಿಗಮದಡಿಯೂ ಅಂತಾರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ. ನರ್ಸಿಂಗ್ ಕಾಲೇಜು ತುಂಬಿರುವ ಮಂಗಳೂರು, ಬೆಂಗಳೂರುಗಳಲ್ಲಿ ಅಂಥ ಪಾಠ ನಡೆಸುವುದು ಅದಕ್ಕೆ ಕಷ್ಟದ ಮಾತಲ್ಲ.

ಬ್ರಿಟನ್ನಿನ ಜೊತೆ ಮಾತಾಡಬೇಕಾದದ್ದು ದೆಹಲಿ. 2025ರ ಜುಲೈನಲ್ಲಿ ಎರಡೂ ದೇಶಗಳ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ ವಿಸ್ಕಿಯ ಸುಂಕ ಎಷ್ಟಿಳಿಯುತ್ತದೆ, ಕಾರಿನದು ಎಷ್ಟು ಎಂಬುದೇ ಸುದ್ದಿಯಾಯಿತು. ಇಂಗ್ಲಿಷ್ ಮಾಧ್ಯಮದ ಭಾರತೀಯ ನರ್ಸಿಂಗ್ ಪದವಿಯನ್ನು ಭಾಷೆಯ ಪುರಾವೆಯಾಗಿ ಒಪ್ಪಿ, ಇಲ್ಲವೇ ಒಇಟಿಯೊಂದನ್ನೇ ಕೇಳಿ ಅದರ ಖರ್ಚನ್ನು ಕರೆಸಿಕೊಳ್ಳುವ ಆಸ್ಪತ್ರೆಯ ಮೇಲೆ ಹೊರಿಸಿ, ಕೆಲಸದಲ್ಲಿರುವವರಿಗೆ ಎರಡು ವರ್ಷದ ಗಡುವು ತೆಗೆಯಿರಿ ಎಂಬ ಮೂರು ಬೇಡಿಕೆ ಮುಂದಿಡಲು ಮುಂದಿನ ಸುತ್ತಿನ ಮಾತುಕತೆಯವರೆಗೂ ಕಾಯಬೇಕಿಲ್ಲ. ಕೌನ್ಸಿಲ್ ತನ್ನ ಭಾಷಾ ನಿಯಮವನ್ನು 2017ರಿಂದ 2023ರೊಳಗೆ ಹಲವು ಸಲ ಬದಲಿಸಿದೆ. ಮುಂದಿನ ಸಲ ಬದಲಿಸುವಾಗ ಭಾರತದ ಕಡತವೂ ಅದರ ಮೇಜಿನ ಮೇಲಿರಲಿ.