ಯಾರೊಡನೆ ಆಡಬೇಕು ನಮ್ಮ ಮಕ್ಕಳು?

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಕೂಡಲೇ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮನೆಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಮಗನನ್ನು ಯಾವ ಕಾಲೇಜಿಗೆ ಸೇರಿಸುವುದು, ಮಗಳಿಗೆ ಯಾವ ವಿಷಯ ಕೊಡಿಸುವುದು? ಶುಲ್ಕವೆಷ್ಟು, ಫಲಿತಾಂಶ ಹೇಗಿದೆ, ಬಸ್ಸಿನ ಅನುಕೂಲವುಂಟೇ ಎಂದೆಲ್ಲ ವಿಚಾರಿಸುವ ತಂದೆತಾಯಿಯರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದು ತೀರ ವಿರಳ. ಈ ಕಾಲೇಜಿನ ಮಕ್ಕಳು ಮೈದಾನದಲ್ಲಿ ಯಾರೊಡನೆ ಆಡುತ್ತಾರೆ? ಮುಂದಿನ ಮೂರು ನಾಲ್ಕು ವರ್ಷವೂ ಅವರೊಡನೆಯೇ ಆಡುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಕಾಲೇಜಿನ ಮೈದಾನದಲ್ಲಿ ಸಿಗುವುದಿಲ್ಲ. ಅದು ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬ ಕಾಗದಪತ್ರದಲ್ಲಿದೆ.

ನಮ್ಮ ಓದುಗ ಬಂಧುಗಳಲ್ಲಿ ಹಲವರು ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿದ್ದಾರೆ. ಸಂಸ್ಥೆಯು ಹಳೆಯ ವಿಶ್ವವಿದ್ಯಾಲಯದಲ್ಲಿಯೇ ಮುಂದುವರಿಯಬೇಕೇ, ಬೇರೆಯದಕ್ಕೆ ಸೇರಬೇಕೇ, ಅಥವಾ ತಾನೇ ಒಂದು ವಿಶ್ವವಿದ್ಯಾಲಯವಾಗಬೇಕೇ ಎಂಬ ಚರ್ಚೆ ಇಂದು ಅನೇಕ ಮಂಡಳಿಗಳ ಮುಂದಿದೆ. ಪಠ್ಯಕ್ರಮ, ಪರೀಕ್ಷೆ, ಪದವಿ, ಆದಾಯ ಇವೆಲ್ಲ ಆ ಚರ್ಚೆಯಲ್ಲಿ ಬರುತ್ತವೆ. ಆಟದ ವಿಷಯವೋ, ಬಂದರೆ ಕೊನೆಗೆ ಬರುತ್ತದೆ. ಬಂದಾಗಲೂ ಟ್ರೋಫಿಯ ರೂಪದಲ್ಲಿಯೇ ಬರುತ್ತದೆ. ಆದ್ದರಿಂದ ಈ ಬಾರಿ ಈ ಅಂಕಣದಲ್ಲಿ ಅದನ್ನೇ ಕೊಂಚ ವಿಚಾರಿಸೋಣ.

ಮೊದಲು ವ್ಯವಸ್ಥೆಯನ್ನು ತಿಳಿಯಬೇಕು. ವಿಶ್ವವಿದ್ಯಾಲಯವೊಂದಕ್ಕೆ ಸಂಯೋಜನೆ ಹೊಂದಿದ ಕಾಲೇಜುಗಳು ತಮ್ಮ ತಮ್ಮಲ್ಲಿ ಅಂತರ ಕಾಲೇಜು ಪಂದ್ಯಾವಳಿಗಳನ್ನು ಆಡುತ್ತವೆ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡವನ್ನು ಕಟ್ಟಲಾಗುತ್ತದೆ. ಆ ತಂಡವು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ನಡೆಯುವ ದಕ್ಷಿಣ ವಲಯದ ಪಂದ್ಯಗಳಿಗೂ ಅಲ್ಲಿಂದ ಅಖಿಲ ಭಾರತ ಮಟ್ಟಕ್ಕೂ ಹೋಗುತ್ತದೆ. ಈ ಸಂಘವು 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯೆಂಬ ಹೆಸರಿನಿಂದ ಆರಂಭವಾದದ್ದು. ಇಲ್ಲಿಯ ಮುಖ್ಯ ನಿಯಮ ಸರಳವಾದುದು: ಒಂದು ವಿಶ್ವವಿದ್ಯಾಲಯಕ್ಕೆ ಒಂದು ತಂಡ. ನೂರಾರು ಕಾಲೇಜುಗಳಿರುವ ವಿಶ್ವವಿದ್ಯಾಲಯಕ್ಕೂ ಒಂದೇ, ಒಂದೇ ಸಂಸ್ಥೆಯ ವಿಶ್ವವಿದ್ಯಾಲಯಕ್ಕೂ ಒಂದೇ.

ಇನ್ನೊಂದು ಮಾತನ್ನೂ ತಂದೆತಾಯಿಯರು ಸ್ಪಷ್ಟವಾಗಿ ಅರಿತಿರಬೇಕು. ‘ಸ್ವಾಯತ್ತ’ ಕಾಲೇಜು ಬೇರೆ, ‘ಪರಿಗಣಿತ’ ವಿಶ್ವವಿದ್ಯಾಲಯ ಬೇರೆ. ಸ್ವಾಯತ್ತ ಕಾಲೇಜಿಗೆ ಪಠ್ಯಕ್ರಮ ಮತ್ತು ಪರೀಕ್ಷೆಗಳಲ್ಲಿ ಸ್ವಾತಂತ್ರ್ಯವುಂಟು. ಆದರೆ ಪದವಿಯನ್ನು ಕೊಡುವುದು ಮಾತೃ ವಿಶ್ವವಿದ್ಯಾಲಯವೇ, ಆಟಕ್ಕೆ ಹೋಗುವುದೂ ಅದರ ಅಂಗಳಕ್ಕೇ. ಪರಿಗಣಿತ ಅಥವಾ ಖಾಸಗಿ ವಿಶ್ವವಿದ್ಯಾಲಯವಾದಾಗ ಮಾತ್ರ ಸಂಸ್ಥೆಯು ಆ ಅವಿಭಕ್ತ ಕುಟುಂಬದಿಂದ ಹೊರಬಂದು ಬೇರೆ ಒಲೆ ಹೂಡುತ್ತದೆ.

ನಮ್ಮ ನಗರದಲ್ಲಿ ಇಂಥ ಪಾಲುಗಾರಿಕೆಗಳು ಹಲವು ನಡೆದಿವೆ. ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. ಕಲೆ, ವಿಜ್ಞಾನ, ವಾಣಿಜ್ಯ, ವೈದ್ಯಕೀಯ, ಇಂಜಿನಿಯರಿಂಗ್ ಎಂಬ ಭೇದವಿಲ್ಲದೆ ನಗರದ ಕಾಲೇಜು ಮಕ್ಕಳು ಬಹುಕಾಲ ಅದರ ಒಂದೇ ಸೂರಿನಡಿ ಆಡಿದರು. ಅನಿಲ್ ಕುಂಬ್ಳೆ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಗ ಆ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಸೇರಿತ್ತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ನಮ್ಮ ಜಯನಗರದಲ್ಲಿಯೇ ನೆಲೆಗೊಂಡು ವೈದ್ಯಕೀಯ ಕಾಲೇಜುಗಳು ಅದರ ಕಡೆಗೆ ಸರಿದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾದಾಗ ಇಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು. 2008ರಲ್ಲಿ ಕ್ರೈಸ್ಟ್ ಮತ್ತು ಜೈನ್ ಸಂಸ್ಥೆಗಳು ಪರಿಗಣಿತ ವಿಶ್ವವಿದ್ಯಾಲಯಗಳಾದವು. 2013ರಲ್ಲಿ ಬನಶಂಕರಿ ಮೂರನೆಯ ಹಂತದ ಪಿ.ಇ.ಎಸ್. ಸಂಸ್ಥೆ ವಿಶ್ವವಿದ್ಯಾಲಯವಾಯಿತು. ಆರುನೂರಕ್ಕೂ ಹೆಚ್ಚು ಕಾಲೇಜುಗಳ ಭಾರ ಹೊತ್ತಿದ್ದ ಬೆಂಗಳೂರು ವಿಶ್ವವಿದ್ಯಾಲಯವನ್ನೇ 2017ರಲ್ಲಿ ಮೂರಾಗಿ ವಿಂಗಡಿಸಲಾಯಿತು: ಜ್ಞಾನಭಾರತಿಯ ಮೂಲ ವಿಶ್ವವಿದ್ಯಾಲಯ, ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಕೇಂದ್ರ ವಿಶ್ವವಿದ್ಯಾಲಯವೆಂಬ ಹೆಸರಿನಿಂದ ಆರಂಭವಾದುದು, ಮತ್ತು ಕೋಲಾರದ ಕಡೆಯ ಉತ್ತರ ವಿಶ್ವವಿದ್ಯಾಲಯ.

ಇದರ ಪರಿಣಾಮವನ್ನು ನಮ್ಮ ಬಡಾವಣೆಗಳಲ್ಲಿ ಒಂದು ಸುತ್ತು ನಡೆದೇ ಕಾಣಬಹುದು. ಒಂದೇ ರಸ್ತೆಯ ನಾಲ್ಕು ಮನೆಗಳ ಮಕ್ಕಳು, ಒಬ್ಬ ವೈದ್ಯಕೀಯ, ಒಬ್ಬಳು ಇಂಜಿನಿಯರಿಂಗ್, ಒಬ್ಬ ಬಿ.ಕಾಂ., ಇನ್ನೊಬ್ಬಳು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಬಿ.ಎ. ಓದುತ್ತಿದ್ದರೆ, ಅವರು ನಾಲ್ಕು ಬೇರೆ ಬೇರೆ ಕ್ರೀಡಾ ಕುಟುಂಬಗಳಿಗೆ ಸೇರಿದವರು. ಸಂಜೆ ಬೀದಿಯಲ್ಲಿ ಒಟ್ಟಿಗೆ ಶಟಲ್ ಆಡುವ ಇವರು ಕಾಲೇಜಿನ ಅಧಿಕೃತ ಪಂದ್ಯದಲ್ಲಿ ಎದುರುಬದುರಾಗಬೇಕಾದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ದಕ್ಷಿಣ ವಲಯದ ಪಂದ್ಯ ಎಲ್ಲಿ ನಡೆಯುವುದೋ ಆ ದೂರದ ಊರಿಗೇ ಹೋಗಬೇಕು.

ಹಾಗಾದರೆ ಬೇರೆಯಾಗುವುದು ತಪ್ಪೇ? ಹಾಗೆಂದು ಹೇಳಲು ನಾವು ಸಿದ್ಧರಿಲ್ಲ. ಬೇರೆಯಾದವರ ಸಾಧನೆ ನಮ್ಮ ಕಣ್ಣೆದುರಿಗಿದೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯವು 20 ಚಿನ್ನದ ಪದಕಗಳೊಡನೆ ದೇಶಕ್ಕೇ ಮೊದಲನೆಯದಾಯಿತು. ಒಲಿಂಪಿಕ್ ಈಜುಗಾರ ಶ್ರೀಹರಿ ನಟರಾಜ್ ಆ ತಂಡದಲ್ಲಿದ್ದರು. ಶುಲ್ಕದ ವಿನಾಯಿತಿ, ತರಬೇತಿ, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ, ತಪ್ಪಿದ ಪರೀಕ್ಷೆಗೆ ಮರು ಅವಕಾಶ, ಇವನ್ನೆಲ್ಲ ಯಾರ ಅಪ್ಪಣೆಗೂ ಕಾಯದೆ ತಾನೇ ತೀರ್ಮಾನಿಸಬಲ್ಲ ಸಂಸ್ಥೆಯಿಂದ ಪ್ರತಿಭಾವಂತ ಆಟಗಾರನಿಗೆ ಆಗುವ ಉಪಕಾರ ಸಣ್ಣದಲ್ಲ. ನೂರಾರು ಕಾಲೇಜುಗಳ ನಡುವೆ ಹೆಸರಿಗೂ ಸಿಗದೆ ಹೋಗಬಹುದಾಗಿದ್ದ ಹುಡುಗಿಯೊಬ್ಬಳು ಇಲ್ಲಿ ನೇರವಾಗಿ ದಕ್ಷಿಣ ವಲಯಕ್ಕೆ ಹೋಗಬಲ್ಲಳು.

ಆದರೆ ಆ ಚಿನ್ನದ ದೊಡ್ಡ ಪಾಲು ಬಂದದ್ದು ಈಜುಕೊಳದಿಂದ, ಕೆಲವೇ ಕೆಲವು ಅಸಾಧಾರಣ ಈಜುಗಾರರಿಂದ ಎಂಬುದನ್ನೂ ಗಮನಿಸಬೇಕು. ಅವರ ಸಾಧನೆಗೆ ಇದರಿಂದ ಕುಂದಿಲ್ಲ. ಆದರೂ ಪದಕಗಳ ಪಟ್ಟಿಯು ಸಂಸ್ಥೆಯ ಶಿಖರವನ್ನು ತೋರಿಸುತ್ತದೆಯೇ ವಿನಾ ಅದರ ಬಯಲನ್ನು ತೋರಿಸುವುದಿಲ್ಲ. ಸಾವಿರಾರು ಮಕ್ಕಳಿರುವ ಸಂಸ್ಥೆಯಲ್ಲಿ ಎಷ್ಟು ಮಂದಿ ಕಳೆದ ವರ್ಷ ಹೊರಗಿನ ತಂಡವೊಂದರ ಎದುರು ಒಂದು ಪಂದ್ಯವನ್ನಾದರೂ ಆಡಿದರು? ಈ ಲೆಕ್ಕವನ್ನು ಯಾವ ಫಲಕದಲ್ಲಿಯೂ ಬರೆಯುವುದಿಲ್ಲ.

ಒಂದು ಸಣ್ಣ ಗಣಿತ ಮಾಡಿ ನೋಡೋಣ. ಕಬಡ್ಡಿ ತಂಡದಲ್ಲಿ ಹನ್ನೆರಡು ಮಂದಿ ಎಂದಿಟ್ಟುಕೊಳ್ಳಿ. ನೂರು ಕಾಲೇಜುಗಳ ವಿಶ್ವವಿದ್ಯಾಲಯದಲ್ಲಿ ಪ್ರತಿ ಕಾಲೇಜೂ ತಂಡ ಕಳುಹಿಸಿದರೆ ಸಾವಿರದ ಇನ್ನೂರು ಮಂದಿ ಕಾಲೇಜಿನ ಅಂಗಿ ತೊಟ್ಟು ಕಣಕ್ಕಿಳಿಯುತ್ತಾರೆ. ಅವರಲ್ಲಿ ಮುಂದೆ ಹೋಗುವವರು ಹನ್ನೆರಡೇ ಮಂದಿ. ಉಳಿದವರು ಸೋತರೂ ಆಡಿದರು. ಇದೇ ಕಾಲೇಜು ತಾನೇ ವಿಶ್ವವಿದ್ಯಾಲಯವಾದರೆ ಅದರ ಹನ್ನೆರಡು ಮಂದಿ ನೇರವಾಗಿ ಮೇಲಿನ ಮೆಟ್ಟಿಲಿಗೆ ಹೋಗುತ್ತಾರೆ, ಸರಿ. ಆದರೆ ಹದಿಮೂರನೆಯವನಿಗೆ, ಇಪ್ಪತ್ತನೆಯವನಿಗೆ ಎದುರಾಳಿಯೇ ಇಲ್ಲ. ವಿಭಾಗ ವಿಭಾಗಗಳ ನಡುವಣ ಪಂದ್ಯಗಳಲ್ಲಿಯೇ ಅವನು ತೃಪ್ತಿಪಡಬೇಕು. ಮೇಲಿನ ಮೆಟ್ಟಿಲಿನಲ್ಲಿಯೂ ಸೋತು ಹೊರಬಿದ್ದರೆ ಆ ವರ್ಷದ ಆಟ ಮುಗಿಯಿತು. ಹಿಂದೆ ‘ಯೂನಿವರ್ಸಿಟಿ ಬ್ಲೂ’ ಆಗುವುದೆಂದರೆ ನೂರಾರು ಕಾಲೇಜುಗಳ ನಡುವೆ ಗೆದ್ದು ಬಂದ ಗೌರವ. ಆ ಕೋಟನ್ನು ತಂದೆಯಾದವನು ಬೀರುವಿನಲ್ಲಿ ಕಾಪಾಡಿ ಮಕ್ಕಳಿಗೆ ತೋರಿಸುತ್ತಿದ್ದುದು ಸುಮ್ಮನೆ ಅಲ್ಲ.

ಬದಲಾವಣೆಯ ನಡುವಿನ ವರ್ಷಗಳಲ್ಲಿ ಇನ್ನೊಂದು ತೊಡಕುಂಟು. ಇದನ್ನು ಮಂಡಳಿಗಳು ಬಹುಶಃ ನೆನೆಯುವುದೇ ಇಲ್ಲ. ಮೊದಲೇ ಸೇರಿದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಳೆಯ ವಿಶ್ವವಿದ್ಯಾಲಯದ ಪದವಿಗೇ ಓದನ್ನು ಮುಗಿಸುತ್ತಾರೆ. ಹೊಸಬರು ಹೊಸ ವಿಶ್ವವಿದ್ಯಾಲಯಕ್ಕೆ ಸೇರುತ್ತಾರೆ. ಆಟಗಾರನು ತಾನು ದಾಖಲಾದ ವಿಶ್ವವಿದ್ಯಾಲಯದ ಪರವಾಗಿ ಮಾತ್ರ ಆಡಬಹುದು. ಅಂದರೆ ಒಂದೇ ಮೈದಾನದಲ್ಲಿ, ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರ ಕೈಕೆಳಗೆ ಅಭ್ಯಾಸ ಮಾಡುವ ಅಂತಿಮ ವರ್ಷದ ನಾಯಕಿಯೂ ಮೊದಲ ವರ್ಷದ ಹುಡುಗಿಯೂ ಒಂದೇ ತಂಡದವರಾಗಿರುವಂತಿಲ್ಲ. ಎರಡು ಅರ್ಧ ತಂಡಗಳು ಉಳಿಯುತ್ತವೆ, ಯಾವುದೂ ಪೂರ್ಣವಲ್ಲ. ಪದವಿಯ ಮೂರು ವರ್ಷಗಳೆಂದರೆ ಆಟಗಾರ್ತಿಯ ಪಾಲಿಗೆ ಮತ್ತೆ ಬಾರದ ಮೂರು ವರ್ಷಗಳು.

ನಮ್ಮ ಸಮಾಜದ ಸಂಸ್ಥೆಗಳಿಗೂ ಈ ಅನುಭವ ಹೊಸದಲ್ಲ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಆಶ್ರಯದಲ್ಲಿ 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು ಮೂರು ವಿಶ್ವವಿದ್ಯಾಲಯಗಳ ಅಂಗಳ ಕಂಡಿದೆ. ವೇಗದ ಬೌಲರ್ ಜಾವಗಲ್ ಶ್ರೀನಾಥ್ ಅಲ್ಲಿ ಓದಿದ ಕಾಲಕ್ಕೆ ಅದು ಮೈಸೂರು ವಿಶ್ವವಿದ್ಯಾಲಯದ್ದು. 1998ರ ನಂತರ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದ್ದು. 2016ರಿಂದ ಅದೇ ಒಂದು ವಿಶ್ವವಿದ್ಯಾಲಯ. ಓದಿನ ದೃಷ್ಟಿಯಿಂದ ಪ್ರತಿ ಹೆಜ್ಜೆಗೂ ಕಾರಣಗಳಿದ್ದವು. ಆದರೆ ಪ್ರತಿ ಹೆಜ್ಜೆಯಲ್ಲಿಯೂ ಆಟಗಾರರ ಎದುರಾಳಿಗಳು ಬದಲಾದರು ಎಂಬುದೂ ಅಷ್ಟೇ ನಿಜ.

ಸಮುದ್ರದಾಚೆಯ ಒಂದು ಉದಾಹರಣೆಯನ್ನೂ ನೋಡಬಹುದು. ನಮ್ಮ ಅನೇಕ ಕುಟುಂಬಗಳ ಮಕ್ಕಳು ನೆಲೆಸಿರುವ ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳು ಪ್ರದೇಶಾನುಸಾರ ‘ಕಾನ್ಫರೆನ್ಸ್’ ಎಂಬ ಕ್ರೀಡಾ ಒಕ್ಕೂಟಗಳನ್ನು ಮಾಡಿಕೊಂಡು ತಮ್ಮ ತಮ್ಮಲ್ಲಿ ಆಡುತ್ತಿದ್ದವು. ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಅಂಥದೊಂದು ಹಳೆಯ ಒಕ್ಕೂಟ. 2022ರ ಜೂನ್‌ನಲ್ಲಿ ಲಾಸ್ ಏಂಜಲೀಸಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ದೂರದರ್ಶನ ಪ್ರಸಾರದಿಂದ ಬರುವ ಹೆಚ್ಚಿನ ಹಣಕ್ಕಾಗಿ ಅದನ್ನು ಬಿಟ್ಟು ‘ಬಿಗ್ ಟೆನ್’ ಒಕ್ಕೂಟಕ್ಕೆ ಹೋಗುವುದಾಗಿ ಸಾರಿದವು. ಉಳಿದವೂ ಒಂದೊಂದಾಗಿ ಹೊರಟು, 2024ರ ವೇಳೆಗೆ ಹನ್ನೆರಡರಲ್ಲಿ ಎರಡು ಮಾತ್ರ ಉಳಿದವು. ಶಾಂತಸಾಗರದ ದಡದ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ಕರಾವಳಿಯ ಒಕ್ಕೂಟದ ಸದಸ್ಯ! ಹಣ ತರುವ ಆಟ ಫುಟ್‌ಬಾಲ್. ಆದರೆ ವಾಲಿಬಾಲ್ ಆಡುವ ಹುಡುಗಿಯೂ ಪುಸ್ತಕಗಳನ್ನು ಹೊತ್ತು ಖಂಡದ ಆ ತುದಿಗೆ ವಿಮಾನದಲ್ಲಿ ಹೋಗಿ ಬರಬೇಕು. ಕೆಲವರ ಲಾಭಕ್ಕಾಗಿ ಎಲ್ಲರ ನೆರೆಹೊರೆಯನ್ನು ಬದಲಿಸಿದಂತಾಯಿತು.

ಹಳೆಯ ಮನೆಯಲ್ಲಿಯೇ ಉಳಿದವರು ಗೆಲ್ಲುವುದಿಲ್ಲ ಎಂಬ ಮಾತೂ ಸರಿಯಲ್ಲ. 1969ರಲ್ಲಿ ಸ್ಥಾಪನೆಯಾದ ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾಲಯವು ಹಲವಾರು ಕಾಲೇಜುಗಳನ್ನು ಜೊತೆಗಿಟ್ಟುಕೊಂಡೇ ವಿಶ್ವವಿದ್ಯಾಲಯ ಕ್ರೀಡೆಯ ಅತ್ಯುನ್ನತ ಗೌರವವಾದ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಪಡೆದಿದೆ. ಹಾಗೆಯೇ, ಹಳೆಯ ಸಂಬಂಧವೆಂಬ ಒಂದೇ ಕಾರಣಕ್ಕೆ, ಪಂದ್ಯಾವಳಿಗಳನ್ನು ಸಕಾಲಕ್ಕೆ ನಡೆಸದ, ಆಟಗಾರರಿಗೆ ಪ್ರಯಾಣದ ಖರ್ಚನ್ನೂ ಸರಿಯಾಗಿ ಕೊಡದ ವ್ಯವಸ್ಥೆಗೆ ಅಂಟಿಕೊಂಡಿರಬೇಕೆಂದೂ ನಾವು ಹೇಳುವುದಿಲ್ಲ.

ನಮ್ಮ ನಿಲುವು ಇಷ್ಟೇ. ಓದಿನ ಕಾರಣಗಳಿಗಾಗಿ ವಿಶ್ವವಿದ್ಯಾಲಯವನ್ನು ಬದಲಿಸಬೇಕಾಗಿ ಬಂದರೆ ಬದಲಿಸಲಿ. ಟ್ರೋಫಿಗಾಗಿ ಬದಲಿಸುವುದು ಬೇಡ. ಬದಲಿಸುವ ಮುನ್ನ ಆಡಳಿತ ಮಂಡಳಿಯು ಮೂರು ಸಂಗತಿಗಳನ್ನು ನಿರ್ಣಯದಲ್ಲಿ ಬರೆಯಲಿ. ಮೊದಲನೆಯದು, ಇಂದು ಎಷ್ಟು ಮಕ್ಕಳು ಹೊರಗಿನ ತಂಡಗಳೊಡನೆ ಆಡುತ್ತಿದ್ದಾರೆ, ನಾಳೆ ಎಷ್ಟು ಮಂದಿ ಆಡುವರು ಎಂಬ ಲೆಕ್ಕ, ಹುಡುಗಿಯರದು ಪ್ರತ್ಯೇಕವಾಗಿ. ಎರಡನೆಯದು, ಈಗಾಗಲೇ ಓದುತ್ತಿರುವ ಆಟಗಾರರು ಪದವಿ ಮುಗಿಸುವವರೆಗೆ ಹಳೆಯ ವಿಶ್ವವಿದ್ಯಾಲಯದ ಪಂದ್ಯಗಳಿಗೆ ಹೋಗಲು ಹಣ ಮತ್ತು ಹಾಜರಾತಿಯ ಭರವಸೆ. ಮೂರನೆಯದು, ನೆರೆಯ ಕಾಲೇಜುಗಳೊಡನೆ ವಿಶ್ವವಿದ್ಯಾಲಯದ ಗಡಿಯನ್ನು ನೋಡದೆ ವರ್ಷಕ್ಕೊಂದು ಪಂದ್ಯಾವಳಿ.

ಈ ಮೂರನೆಯದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಜಯನಗರದಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣವಿದೆ, ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜಿನ ಮೈದಾನವಿದೆ. ಖೋ ಖೋ, ಬಾಲ್ ಬ್ಯಾಡ್ಮಿಂಟನ್, ಕಬಡ್ಡಿ, ಥ್ರೋಬಾಲ್ ಆಟಗಳಿಗೆ ಬೇಕಾದುದು ಒಂದಿಷ್ಟು ನೆಲ, ಒಬ್ಬ ತೀರ್ಪುಗಾರ, ಎರಡು ತಂಡ. ದಕ್ಷಿಣ ಬೆಂಗಳೂರಿನ ನಾಲ್ಕಾರು ಸಂಸ್ಥೆಗಳ ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಮಧ್ಯಾಹ್ನ ಕೂಡಿ ಕುಳಿತರೆ ವೇಳಾಪಟ್ಟಿ ಸಿದ್ಧವಾಗುತ್ತದೆ.

ತಂದೆತಾಯಿಯರಿಗೂ ಒಂದು ಮಾತು. ಮುಂದಿನ ಬಾರಿ ಪ್ರವೇಶಪತ್ರ ತರಲು ಹೋದಾಗ ಗೋಡೆಯ ಮೇಲಿನ ಟ್ರೋಫಿಗಳ ಕಪಾಟನ್ನು ನೋಡಿ ಸಂತೋಷಪಡಿ. ಆಮೇಲೆ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ನಿಮ್ಮ ಎರಡನೆಯ ತಂಡ ಕಳೆದ ವರ್ಷ ಎಷ್ಟು ಪಂದ್ಯ ಆಡಿತು ಎಂದು ವಿಚಾರಿಸಿ. ನಿಮ್ಮ ಮಗ ಅಥವಾ ಮಗಳು ಭಾರತ ತಂಡಕ್ಕೆ ಆಡದಿರಬಹುದು. ಕಾಲೇಜಿನ ಹೆಸರು ಬರೆದ ಅಂಗಿ ತೊಟ್ಟು, ಪಕ್ಕದ ಬಡಾವಣೆಯ ಮಕ್ಕಳೆದುರು ಒಂದು ಸಂಜೆ ಗೆದ್ದು, ಇನ್ನೊಂದು ಸಂಜೆ ಸೋತು, ಕೈಕುಲುಕಿ ಮನೆಗೆ ಬರುವ ಭಾಗ್ಯವಂತೂ ಅವರಿಗಿರಲಿ. ಆ ಭಾಗ್ಯವನ್ನು ಉಳಿಸಿಕೊಡುವ ಸಂಸ್ಥೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ ನಮಗೆ ಒಪ್ಪಿಗೆಯೇ.