ಸೈಕಲ್ ಲೈಟ್ ಪ್ರಖರವಾಗಿದ್ದಷ್ಟೂ ಸುರಕ್ಷಿತವೇ?

“ಲೈಟ್ ಎಷ್ಟು ಪ್ರಖರವೋ ಸವಾರ ಅಷ್ಟು ಸೇಫ್.” ಸೈಕಲ್ ಕೊಳ್ಳಲು ಹೊರಟವರಿಗೆ ಇಂಥ ಸಲಹೆ ಸಿಗುವುದು ಸಾಮಾನ್ಯ. ಇದರಲ್ಲಿ ಅರ್ಧ ಮಾತ್ರ ನಿಜ.

ಮೊದಲು ನಿಜವಾದ ಅರ್ಧ ನೋಡೋಣ. ಡೆನ್ಮಾರ್ಕಿನ ಓಡೆನ್ಸ ನಗರದಲ್ಲಿ 2004–05ರಲ್ಲಿ ಸುಮಾರು 4000 ಸೈಕಲ್ ಸವಾರರನ್ನು ಸೇರಿಸಿ ಒಂದು ಪ್ರಯೋಗ ನಡೆಯಿತು. ಹಗಲು ರಾತ್ರಿ ಎನ್ನದೆ ಸದಾ ಉರಿಯುವ ದೀಪ ಹಾಕಿಕೊಂಡವರಲ್ಲಿ ಗಾಯವಾಗುವ ಅಪಘಾತಗಳು ಶೇ. 19ರಷ್ಟು ಕಡಿಮೆಯಿದ್ದವು. ಅಪಘಾತದ ಲೆಕ್ಕವನ್ನು ಸವಾರರೇ ಕೊಟ್ಟಿದ್ದರಿಂದ ಈ ಅಂಕಿಯನ್ನು ಸ್ವಲ್ಪ ಸಡಿಲವಾಗಿಯೇ ಹಿಡಿಯಬೇಕು. ಆದರೆ ಗಮನಿಸಿ, ಅವು ಚಕ್ರದ ಅಯಸ್ಕಾಂತದಿಂದ ಉರಿಯುವ ಪುಟ್ಟ ದೀಪಗಳು. ಕಣ್ಣು ಕುಕ್ಕುವಂಥವಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಲ್ಯೂಮೆನ್ ಎಂದರೆ ದೀಪ ಹೊರಹಾಕುವ ಒಟ್ಟು ಬೆಳಕು. ಆ ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದನ್ನು ಅದು ಹೇಳುವುದಿಲ್ಲ. ಕಾರಿನ ಲೋ ಬೀಮ್ ಒಂದು ಎತ್ತರದ ಮೇಲೆ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಸೈಕಲ್ಲಿಗೆ ಸಿಗುವ ಬಹುತೇಕ ಅಗ್ಗದ ಎಲ್‌ಇಡಿಗಳಾದರೋ ಟಾರ್ಚ್ ಇದ್ದಂತೆ, ದುಂಡಗೆ ಹರಡುತ್ತವೆ. ನೇರವಾಗಿ ಮುಂದಕ್ಕೆ ಕಟ್ಟಿದರೆ ಅರ್ಧ ಬೆಳಕು ರಸ್ತೆಗೇ ಬರುವುದಿಲ್ಲ, ಎದುರಿನವರ ಮುಖಕ್ಕೆ ಹೋಗುತ್ತದೆ.

ಆಗ ಏನಾಗುತ್ತದೆ? ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20–30 ನಿಮಿಷ ಬೇಕು. ಆ ಹೊಂದಾಣಿಕೆಯನ್ನು ಕೆಡಿಸಲು ಕ್ಷಣಕಾಲದ ಪ್ರಖರ ಬೆಳಕು ಸಾಕು. ವಯಸ್ಸಾದವರಿಗೆ, ಕಣ್ಣಿನ ಪೊರೆ ಇರುವವರಿಗೆ ಬೆಳಕು ಕಣ್ಣೊಳಗೇ ಚದುರಿ ಎದುರಿಗೆಲ್ಲ ಬಿಳಿ ಮಂಜು ಕವಿದಂತಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಬೈಕ್ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಎರಡೇ ಸೆಕೆಂಡ್ ಕಣ್ಣು ಕತ್ತಲಿಟ್ಟರೂ 22 ಮೀಟರ್. ಡಿವೈಡರ್ ಇಲ್ಲದ ನಮ್ಮ ಊರ ರಸ್ತೆಗಳಲ್ಲಿ ಆ ದೂರದೊಳಗೆ ಒಂದು ಗುಂಡಿ, ಬಣ್ಣ ಬಳಿಯದ ಒಂದು ಹಂಪ್, ಅಂಚಿನಲ್ಲಿ ನಡೆದು ಹೋಗುವ ಒಬ್ಬರು ಇರಬಹುದು. ಆ ಬೈಕ್ ಬರುತ್ತಿರುವುದು ನಿಮ್ಮ ಕಡೆಗೇ ಎನ್ನುವುದನ್ನೂ ಮರೆಯಬಾರದು.

ಪರಿಹಾರಕ್ಕೆ ಹೊಸ ದೀಪ ಕೊಳ್ಳಬೇಕಾಗಿಲ್ಲ, ಸ್ಕ್ರೂ ಸಡಿಲಿಸಿದರೆ ಸಾಕು. ಜರ್ಮನಿಯಲ್ಲಿ ಬಹುಕಾಲ ಇದ್ದ ನಿಯಮವೊಂದು ಬಹಳ ಸರಳ: ದೀಪದಿಂದ 5 ಮೀಟರ್ ಮುಂದೆ ಬೆಳಕಿನ ನಡುಭಾಗ ದೀಪದ ಅರ್ಧ ಎತ್ತರಕ್ಕೆ ಇಳಿದಿರಬೇಕು. ಗೋಡೆಯಿಂದ ಐದು ಮೀಟರ್ ದೂರ ಸೈಕಲ್ ನಿಲ್ಲಿಸಿ ನೋಡಿ. ದೀಪ 90 ಸೆಂ.ಮೀ. ಎತ್ತರದಲ್ಲಿದ್ದರೆ ಗೋಡೆಯ ಮೇಲಿನ ಬೆಳಕಿನ ನಡುಭಾಗ 45 ಸೆಂ.ಮೀ. ಎತ್ತರದಲ್ಲಿರಬೇಕು. ಹೀಗೆ ಬಾಗಿಸಿದರೆ ಸುಮಾರು 10 ಮೀಟರ್ ಮುಂದಿನ ರಸ್ತೆ ನಿಮಗೆ ಚೆನ್ನಾಗಿ ಕಾಣುತ್ತದೆ. ಬೀದಿದೀಪ ಇರುವಲ್ಲಿ ಕಡಿಮೆ ಮೋಡ್ ಧಾರಾಳವಾಗಿ ಸಾಕು.

ಮಿನುಗುವ ಮೋಡ್ ಬಗ್ಗೆ ದೇಶಗಳಲ್ಲೇ ಒಮ್ಮತವಿಲ್ಲ. ಬ್ರಿಟನ್ 2005ರಲ್ಲಿ ಅನುಮತಿಸಿತು, ಅದೂ ನಿಮಿಷಕ್ಕೆ 60ರಿಂದ 240 ಬಾರಿ ಎಂಬ ಮಿತಿಯೊಳಗೆ. ಜರ್ಮನಿ ಸೈಕಲ್ ಹೆಡ್‌ಲೈಟ್ ಮಿನುಗುವುದನ್ನು ಒಪ್ಪುವುದಿಲ್ಲ. ಮಿನುಗುವ ದೀಪ ಗಮನ ಸೆಳೆಯುತ್ತದೆ ನಿಜ, ಆದರೆ ಕತ್ತಲಲ್ಲಿ ಅದು ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ ಎಂದು ಅಂದಾಜಿಸುವುದು ಕಷ್ಟ. ನಮ್ಮ ಅಭಿಪ್ರಾಯ ಕೇಳಿದರೆ, ರಾತ್ರಿ ಮುಂದಿನದು ಸ್ಥಿರವಾಗಿ ಉರಿಯಲಿ, ಪ್ರಖರ ಸ್ಟ್ರೋಬ್ ಬೇಡವೇ ಬೇಡ.

ಮುಂದಿನ ದೀಪಕ್ಕೆ ಸಾವಿರಾರು ರೂಪಾಯಿ ಸುರಿದು ಹಿಂದೆ ಏನೂ ಇಲ್ಲದೆ ಓಡಾಡುವವರೂ ಇದ್ದಾರೆ. ಹಿಂದಿನಿಂದ ಬರುವ ಲಾರಿಗೆ ಕಾಣಬೇಕಾದದ್ದು ಕೆಂಪು ದೀಪ, ಕೆಂಪು ರಿಫ್ಲೆಕ್ಟರ್. ಪ್ಯಾಂಟಿನ ತುದಿಗೆ ಪ್ರತಿಫಲಿಸುವ ಪಟ್ಟಿಯೊಂದನ್ನು ಸುತ್ತಿಕೊಂಡರೆ ಇನ್ನೂ ಒಳ್ಳೆಯದು: ಪೆಡಲ್ ಜೊತೆ ಅದು ಮೇಲೆ ಕೆಳಗೆ ಆಡುವುದರಿಂದ ಬರುತ್ತಿರುವುದು ಮನುಷ್ಯ ಎಂದು ಚಾಲಕರಿಗೆ ಬೇಗ ತಿಳಿಯುತ್ತದೆ. ಹೆಲ್ಮೆಟ್ ಮೇಲೆ ದೀಪ ಕಟ್ಟುವವರು ಮಾತ್ರ ಟ್ರಾಫಿಕ್‌ಗೆ ಬಂದ ಕೂಡಲೇ ಅದನ್ನು ಆರಿಸಿಬಿಡಿ. ನೀವು ಯಾರನ್ನು ನೋಡಿದರೂ ಬೆಳಕು ನೇರ ಅವರ ಕಣ್ಣಿಗೇ.